ಜಾಲತಾಣ ನಿಂತುಹೋದಾಗ ಅಂಗಡಿಯವರು ಮೊದಲು ಏನು ಮಾಡಬೇಕು?

ಕಾಸರಗೋಡು ಸೀರೆಗಳನ್ನು ಮಾರುವ ನಿಮ್ಮ ಜಾಲತಾಣವು ವಿಷುವಿನ ಮುಂಚಿನ ವಾರ ಅರ್ಧ ದಿನ ತೆರೆಯಲಿಲ್ಲ, ಇನ್ನೊಮ್ಮೆ ಹಾಗಾದರೆ ಏನು ಮಾಡಬೇಕು ಎಂದು ಕೇಳಿದ್ದೀರಿ.

ತೊಂದರೆ ತಾಣದ್ದೋ ಅಂಗಡಿಯ ವೈಫೈಯದ್ದೋ ಎಂಬುದನ್ನು ಮೊಬೈಲ್ ಡೇಟಾದಲ್ಲಿ ತೆರೆದು ಖಚಿತಪಡಿಸಿಕೊಳ್ಳಿ. ತಾಣವೇ ನಿಂತಿದ್ದರೆ, ಸರ್ವರಿನವರಿಗೆ ಫೋನ್ ಮಾಡುವ ಮುನ್ನ ಡೊಮೇನಿನ (ತಾಣದ ವಿಳಾಸದ ಹೆಸರು) ಮತ್ತು ಎಸ್‌ಎಸ್‌ಎಲ್ ಪ್ರಮಾಣಪತ್ರದ (ತಾಣದ ಸಂಪರ್ಕ ಸುರಕ್ಷಿತವೆಂದು ಬ್ರೌಸರಿಗೆ ತೋರಿಸುವ ದಾಖಲೆ) ಅವಧಿ ಮುಗಿದಿದೆಯೇ ನೋಡಿ; ನವೀಕರಣದ ಸೂಚನೆಯು ಯಾರೂ ತೆರೆಯದ ಹಳೆಯ ಇಮೇಲ್‌ಗೆ ಹೋಗಿ ಬಿದ್ದಿರುವುದು ಅಪರೂಪವಲ್ಲ.

ನನ್ನ ಅಭಿಪ್ರಾಯದಲ್ಲಿ ದುರಸ್ತಿ ತಡವಾಗುವುದಕ್ಕಿಂತ ಗ್ರಾಹಕರಿಗೆ ತಿಳಿಸುವುದು ತಡವಾಗುವುದೇ ಹೆಚ್ಚು ನಷ್ಟ. ವಾಟ್ಸ್‌ಆ್ಯಪಿನಲ್ಲಿ ಕನ್ನಡ, ಮಲಯಾಳ ಎರಡರಲ್ಲೂ, “ತಾಣ ಬೆಳಿಗ್ಗೆ 10ರಿಂದ ತೆರೆಯುತ್ತಿಲ್ಲ, ಹಣ ಕಡಿತವಾಗಿದ್ದರೆ ಮತ್ತೆ ಪಾವತಿಸಬೇಡಿ, ಮುಂದಿನ ಮಾಹಿತಿ 12ಕ್ಕೆ” ಎಂದು ಬರೆಯಿರಿ, 12ಕ್ಕೆ ಹೊಸದೇನೂ ಇಲ್ಲದಿದ್ದರೆ ಅಷ್ಟನ್ನೇ ಹೇಳಿ. ಆದರೆ ಒಂದೇ ದಾರಿಯನ್ನು ನಂಬಬೇಡಿ: 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ನಿಂತಾಗ ವಾಟ್ಸ್‌ಆ್ಯಪೂ ಅದರೊಂದಿಗೇ ನಿಂತಿತ್ತು. ಗ್ರಾಹಕರ ಫೋನ್ ಸಂಖ್ಯೆಗಳ ಒಂದು ಪ್ರತಿ ತಾಣದ ಹೊರಗೆ, ಬೇಕಿದ್ದರೆ ಗಲ್ಲಾಪೆಟ್ಟಿಗೆಯ ಪಕ್ಕದ ಪುಸ್ತಕದಲ್ಲೇ ಇರಲಿ.

ತಾಣ ನಿಂತಿರುವಾಗ ಕ್ಷಮೆ ಕೇಳುವ ತಾತ್ಕಾಲಿಕ ಪುಟ ಹಾಕಿಸಿದರೆ ಅದು ‘ಸದ್ಯಕ್ಕೆ ಲಭ್ಯವಿಲ್ಲ’ ಎಂದು ಬ್ರೌಸರಿಗೂ ಗೂಗಲಿಗೂ ತಿಳಿಸುವ 503 ಸಂಕೇತ ಕೊಡಲಿ. ‘ಎಲ್ಲ ಸರಿಯಿದೆ’ ಎನ್ನುವ 200 ಸಂಕೇತ ಕೊಟ್ಟರೆ ಗೂಗಲ್ ಆ ಕ್ಷಮಾಪಣೆಯ ಪುಟವನ್ನೇ ನಿಮ್ಮ ಅಂಗಡಿಯೆಂದು ದಾಖಲಿಸಿಕೊಳ್ಳಬಹುದು. ತಾಣ ಮರಳಿದ ಮೇಲೆ, ಆನ್‌ಲೈನ್ ಪಾವತಿ ಪಡೆದುಕೊಡುವ ಸೇವೆಯಾದ ಪೇಮೆಂಟ್ ಗೇಟ್‌ವೇಯ ಲೆಕ್ಕವನ್ನು ಆರ್ಡರ್‌ಗಳೊಂದಿಗೆ ಸಾಲುಸಾಲಾಗಿ ತಾಳೆ ನೋಡಿ, ಆರ್ಡರ್ ಇಲ್ಲದೆ ಬಂದ ಹಣವನ್ನು ಗ್ರಾಹಕರು ಕೇಳುವ ಮೊದಲೇ ಹಿಂತಿರುಗಿಸಿ.