ಸೊಂಟದ ಪಿಸ್ತೂಲಿಗೆ ಯಾವ ಹೋಲ್‌ಸ್ಟರ್? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಬಳಿ .32 ಪಿಸ್ತೂಲ್ ಇದೆ. ತೋಟಕ್ಕೂ ಪೇಟೆಗೂ ಹೋಗುವಾಗ ಅಂಗಿಯೊಳಗೆ ಕಾಣದಂತೆ ಇಟ್ಟುಕೊಳ್ಳಬೇಕು. ‘ಎಲ್ಲ ಪಿಸ್ತೂಲಿಗೂ ಆಗುತ್ತದೆ’ ಎಂದು ಅಂಗಡಿಯವರು ಮೆತ್ತನೆಯ ನೈಲಾನ್ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಕೊಟ್ಟಿದ್ದಾರೆ. ಸಾಕೇ?
– ಓದುಗರು, ಪೊನ್ನಂಪೇಟೆ

ಉತ್ತರ: ಸಾಲದು. ಎಲ್ಲಕ್ಕೂ ಆಗುವ ಹೋಲ್‌ಸ್ಟರ್ ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ. ಮರೆಮಾಡುವುದು ಅಂಗಿಯ ಕೆಲಸ. ಹೋಲ್‌ಸ್ಟರಿನ ಮೊದಲ ಕೆಲಸ ಟ್ರಿಗರ್ ಮುಚ್ಚುವುದು, ಎರಡನೆಯದು ಪಿಸ್ತೂಲ್ ಜಾರದಂತೆ ಹಿಡಿದಿಡುವುದು. ಖಾಲಿ ಪಿಸ್ತೂಲ್ ಒಳಗಿಟ್ಟ ಮೇಲೆ ಟ್ರಿಗರ್ ಗಾರ್ಡಿನ (ಟ್ರಿಗರಿನ ಸುತ್ತಲಿನ ಬಳೆ) ಪಕ್ಕದಿಂದ ಬೆರಳು ತೂರಿಸಿ ನೋಡಿ, ಹೊರಗಿನಿಂದಲೂ ಒತ್ತಿ ನೋಡಿ. ಬೆರಳು ಟ್ರಿಗರಿಗೆ ತಾಗಿದರೆ, ಇಲ್ಲವೇ ಒತ್ತಡ ಅದರವರೆಗೆ ಮುಟ್ಟಿದರೆ ಆ ಹೋಲ್‌ಸ್ಟರ್ ಬೇಡ.

ಮೆತ್ತನೆಯ ನೈಲಾನಿನ ದೊಡ್ಡ ದೋಷ ಅದರ ಬಾಯಿ. ಪಿಸ್ತೂಲ್ ಹೊರಗೆ ತೆಗೆದ ಕೂಡಲೇ ಬೆಲ್ಟಿನ ಬಿಗಿಗೆ ಬಾಯಿ ಮುಚ್ಚಿಕೊಳ್ಳುತ್ತದೆ. ಮತ್ತೆ ಒಳಗಿಡುವಾಗ ಮಡಚಿದ ಅಂಚು ಟ್ರಿಗರ್ ಗಾರ್ಡಿನೊಳಗೆ ಸಿಕ್ಕಿಕೊಂಡರೆ, ನೀವು ಕೆಳಗೆ ತಳ್ಳಿದಷ್ಟೂ ಟ್ರಿಗರ್ ಹಿಂದಕ್ಕೆ ಹೋಗುತ್ತದೆ. ಜರ್ಕಿನ್ನಿನ ದಾರ, ರೈನ್‌ಕೋಟಿನ ಅಂಚು ಸಿಕ್ಕಿಕೊಂಡರೂ ಹೀಗೇ ಆಗುತ್ತದೆ. ಆದ್ದರಿಂದ ಬಾಯಿಗೆ ಇನ್ನೊಂದು ಪದರ ಚರ್ಮ ಅಥವಾ ಲೋಹದ ಪಟ್ಟಿ ಕೊಟ್ಟು ಹೊಲಿದಿರುವ, ಖಾಲಿ ಇದ್ದಾಗಲೂ ತೆರೆದೇ ಇರುವ ಹೋಲ್‌ಸ್ಟರ್ ಕೊಳ್ಳಿ. ಒಳಗಿಡುವಾಗ ಅವಸರ ಬೇಡ. ಇನ್ನೊಂದು ಕೈಯಿಂದ ಅಂಗಿಯನ್ನು ಪೂರ್ತಿ ಎತ್ತಿ ಹಿಡಿದು, ಬೆರಳು ಟ್ರಿಗರಿನಿಂದ ದೂರವಿಟ್ಟು, ಕಣ್ಣಿನಿಂದ ನೋಡುತ್ತಾ ಇಡಿ.

ಹಿಡಿತ ಪರೀಕ್ಷಿಸಲು ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದು, ಚೇಂಬರ್ (ನಳಿಕೆಯ ಹಿಂಬದಿಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯೆಂದು ಎರಡು ಸಲ ನೋಡಿ. ಹಾಸಿಗೆಯ ಮೇಲೆ ಹೋಲ್‌ಸ್ಟರನ್ನು ತಲೆಕೆಳಗು ಮಾಡಿ ಅಲುಗಾಡಿಸಿ. ಪಿಸ್ತೂಲ್ ಬೀಳಬಾರದು. ತೋಟದ ಇಳಿಜಾರಿನಲ್ಲಿ ಓಡಾಡುವವರಿಗೆ ಹೆಬ್ಬೆರಳಿನಿಂದ ಬಿಚ್ಚುವ ಟಿಚ್ ಬಟನ್ ಪಟ್ಟಿಯೂ ಇರಲಿ.

ಬೆಲ್ಟಿನ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಗುಂಡು ತುಂಬಿದ ಪಿಸ್ತೂಲ್ ಮುಕ್ಕಾಲು ಕಿಲೋ ಹತ್ತಿರ ತೂಗುತ್ತದೆ. ತೆಳ್ಳನೆಯ ಬೆಲ್ಟ್ ಆ ಕಡೆಗೆ ಜೋತುಬಿದ್ದು ಹಿಡಿ ಹೊರಕ್ಕೆ ವಾಲುತ್ತದೆ, ಅಂಗಿಯ ಮೇಲೆ ಉಬ್ಬು ಎದ್ದು ಕಾಣುತ್ತದೆ. ಎರಡು ಪದರ ಚರ್ಮ ಸೇರಿಸಿ ಹೊಲಿದ, ಒಂದೂವರೆ ಇಂಚು ಅಗಲ, 4–5 ಮಿಲಿಮೀಟರ್ ದಪ್ಪದ ಬೆಲ್ಟ್ ಬೇಕು. ಹೋಲ್‌ಸ್ಟರಿನ ಸೀಳು ಅದೇ ಅಗಲಕ್ಕೆ ಸರಿಹೊಂದಲಿ, ಸಡಿಲವಾದರೆ ನಡೆಯುವಾಗ ಹಿಂದೆ ಮುಂದೆ ಸರಿಯುತ್ತದೆ. ಪ್ಯಾಂಟಿನ ಒಳಗೆ ಧರಿಸುವ ಬಗೆ ಚೆನ್ನಾಗಿ ಅಡಗುತ್ತದೆ, ಆದರೆ ಸೊಂಟದ ಅಳತೆ ಒಂದೆರಡು ಇಂಚು ಹೆಚ್ಚಿರಬೇಕು.

ಜಾಗ ಯಾವುದು? ಬಲಗೈಯವರಿಗೆ ಬಲ ಸೊಂಟದ ಮೂಳೆಯ ತುಸು ಹಿಂದೆ, ಹಿಡಿ ಸ್ವಲ್ಪ ಮುಂದಕ್ಕೆ ವಾಲಿದಂತೆ. ಬೆನ್ನಿನ ನಡುವೆ, ಬೆನ್ನುಮೂಳೆಯ ಮೇಲೆ ಇಡಲೇಬೇಡಿ. ಮಳೆಯಲ್ಲಿ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದರೆ ಆ ಉಕ್ಕಿನ ಮೇಲೆಯೇ ಬೆನ್ನು ಅಪ್ಪಳಿಸುತ್ತದೆ.

ಪ್ರಶ್ನೆ: ಜೂನ್ ಬಂತೆಂದರೆ ಹೋಲ್‌ಸ್ಟರಿಗೆ ಬೂಷ್ಟು, ಪಿಸ್ತೂಲಿಗೆ ತುಕ್ಕು. ಚರ್ಮ ಬಿಟ್ಟು ಕೈಡೆಕ್ಸ್ ಕೊಳ್ಳಲೇ?
– ಓದುಗರು, ಭಾಗಮಂಡಲ

ಉತ್ತರ: ನಿಮ್ಮ ಕಡೆಯ ಮಳೆಗೆ ಕೈಡೆಕ್ಸ್ ಒಳ್ಳೆಯದು. ಅದು ಗಟ್ಟಿ ಪ್ಲಾಸ್ಟಿಕ್ ಹಾಳೆ, ಬಿಸಿಮಾಡಿ ಪಿಸ್ತೂಲಿನ ಆಕಾರಕ್ಕೇ ಒತ್ತಿ ಮಾಡುತ್ತಾರೆ. ನೀರು ಹೀರುವುದಿಲ್ಲ, ಬಾಯಿ ಮುಚ್ಚುವುದಿಲ್ಲ, ಸ್ಕ್ರೂ ತಿರುಗಿಸಿ ಹಿಡಿತ ಹೆಚ್ಚು ಕಡಿಮೆ ಮಾಡಬಹುದು. ಸ್ಕ್ರೂ ಸಡಿಲವಾಗುತ್ತಿರುತ್ತದೆ, ಆಗಾಗ ನೋಡಿ. ಒಳಗೆ ಮಣ್ಣು ಸೇರಿದರೆ ಲೋಹದ ಕಪ್ಪು ಬಣ್ಣ ಉಜ್ಜಿಹೋಗುತ್ತದೆ, ತೊಳೆದು ಒಣಗಿಸಿ.

ಚರ್ಮವೇ ಇಷ್ಟವಾದರೆ ಮರದ ತೊಗಟೆಯಿಂದ ಹದಮಾಡಿದ್ದನ್ನು ಕೇಳಿ ಪಡೆಯಿರಿ. ಕ್ರೋಮ್‌ನಲ್ಲಿ ಹದಮಾಡಿದ ಚರ್ಮದಲ್ಲಿ ಉಳಿಯುವ ಲವಣ ಲೋಹವನ್ನು ತಿನ್ನುತ್ತದೆ. ಹೇಗಿದ್ದರೂ ಮನೆಗೆ ಬಂದ ಮೇಲೆ ಪಿಸ್ತೂಲನ್ನು ಹೋಲ್‌ಸ್ಟರಿನಲ್ಲೇ ಬಿಡಬೇಡಿ, ಚರ್ಮ ಹೀರಿದ ತೇವವೆಲ್ಲ ಉಕ್ಕಿಗೆ ತಾಗಿಯೇ ಇರುತ್ತದೆ. ಪಿಸ್ತೂಲ್ ಒರೆಸಿ, ತೆಳ್ಳಗೆ ಎಣ್ಣೆ ಸವರಿ ಬೀಗದ ಪೆಟ್ಟಿಗೆಯಲ್ಲಿಡಿ. ಹೋಲ್‌ಸ್ಟರನ್ನು ಗಾಳಿಯಾಡುವ ಕಡೆ ನೇತುಹಾಕಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಚರ್ಮ ಕುಗ್ಗಿ ಸೀಳುತ್ತದೆ. ಎಣ್ಣೆ ಕುಡಿಸಿದರೆ ಮೆತ್ತಗಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಹೊಸ ಚರ್ಮ ಬಿಗಿಯಾಗಿದ್ದರೆ ಖಾಲಿ ಪಿಸ್ತೂಲಿಗೆ ತೆಳು ಪ್ಲಾಸ್ಟಿಕ್ ಕವರ್ ಸುತ್ತಿ, ಒಳಗೆ ತಳ್ಳಿ ಒಂದು ರಾತ್ರಿ ಬಿಡಿ. ನೀರಲ್ಲಿ ನೆನೆಸಬೇಡಿ.

ಪ್ರಶ್ನೆ: ಮದುವೆಗೆ ಕುಪ್ಯ (ಕೊಡವರ ಸಾಂಪ್ರದಾಯಿಕ ನಿಲುವಂಗಿ) ತೊಟ್ಟಾಗ ಪಿಸ್ತೂಲನ್ನು ಚೇಲೆಗೆ (ಸೊಂಟಕ್ಕೆ ಕಟ್ಟುವ ರೇಷ್ಮೆಪಟ್ಟಿ) ಸಿಕ್ಕಿಸಿಕೊಳ್ಳಬಹುದೇ?
– ಓದುಗರು, ವೀರಾಜಪೇಟೆ

ಉತ್ತರ: ಬೇಡ. ಕುಪ್ಯದೊಂದಿಗೆ ಧರಿಸುವ ಪೀಚೆಕತ್ತಿ ಒರೆಯಲ್ಲಿರುತ್ತದೆ, ಚೇಲೆ ಅದಕ್ಕೆ ಹೇಳಿಮಾಡಿಸಿದ್ದು. ಪಿಸ್ತೂಲಿನ ಭಾರಕ್ಕೆ ರೇಷ್ಮೆಬಟ್ಟೆ ಸಡಿಲವಾಗುತ್ತದೆ, ಟ್ರಿಗರಿಗೆ ಮರೆಯೂ ಇಲ್ಲ. ಕುಡಿತ ಇರುವ ಮನೆಗೆ ಪಿಸ್ತೂಲ್ ಒಯ್ಯದಿರುವುದೇ ಸರಿ.

ಪ್ರಶ್ನೆ: ನಮಗೆ ಲೈಸೆನ್ಸ್ ವಿನಾಯಿತಿ ಇದೆ. ಹೋಲ್‌ಸ್ಟರ್ ಕಡ್ಡಾಯವೇ? ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡರೆ ಆಗದೇ?
– ಓದುಗರು (ಮಹಿಳೆ), ಗೋಣಿಕೊಪ್ಪ

ಉತ್ತರ: ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ 2029ರ ಅಕ್ಟೋಬರ್ 31ರವರೆಗೆ ಇರುವ ವಿನಾಯಿತಿ ಲೈಸೆನ್ಸಿಗೆ ಸಂಬಂಧಿಸಿದ್ದು. ಕೊಂಡೊಯ್ಯುವ ರೀತಿಗೆ 2016ರ ಶಸ್ತ್ರಾಸ್ತ್ರ ನಿಯಮಗಳಿವೆ: ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲ್ ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲಿ ಅಥವಾ ಬೆನ್ನುಚೀಲದಂಥ ಚೀಲದಲ್ಲಿ, ಪೂರ್ತಿ ಮುಚ್ಚಿದಂತೆ, ನಿಮ್ಮ ಹತೋಟಿಯಲ್ಲಿರಬೇಕು. ಕೊಡಗಿನ ಗಡಿಯ ಕುಶಾಲನಗರ ದಾಟಿ ಮೈಸೂರಿನ ಕಡೆ ಹೋಗುವ ಮೊದಲು ವಿನಾಯಿತಿ ಪತ್ರದ ಷರತ್ತು ಓದಿಕೊಳ್ಳಿ.

ಬ್ಯಾಗಿಗಿಂತ ಸೊಂಟವೇ ವಾಸಿ. ಬ್ಯಾಗನ್ನು ಕುರ್ಚಿಯ ಮೇಲಿಟ್ಟು ಎದ್ದುಹೋಗುತ್ತೇವೆ, ಮಗು ಚಾಕೊಲೇಟ್ ಹುಡುಕಲು ಅದಕ್ಕೇ ಕೈ ಹಾಕುತ್ತದೆ. ಬ್ಯಾಗೇ ಆಗಬೇಕೆಂದರೆ ಪಿಸ್ತೂಲಿಗೆ ಜಿಪ್ ಇರುವ ಪ್ರತ್ಯೇಕ ಅರೆ ಇರಲಿ, ಆ ಅರೆಯೊಳಗೂ ಟ್ರಿಗರ್ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಹೊಲಿಸಿ. ಕೀಗೊಂಚಲು, ಪೆನ್ನು ಅಲ್ಲಿಗೆ ಸೇರಬಾರದು. ಪಟ್ಟಿ ಎದೆಯ ಮೇಲೆ ಅಡ್ಡಲಾಗಿರಲಿ, ಕೂತಾಗಲೂ ಬ್ಯಾಗ್ ಮಡಿಲಲ್ಲೇ ಇರಲಿ.