ಟೆಕ್ನಾಲಜಿ ಬಳಸಿ ಜನರಿಗೆ ಬೇಕಾದಂಥ ಸ್ಮಾರ್ಟ್ ಸಿಟಿ ಮಾಡೋದು ಹೇಗೆ?

ನಾನು ತುಮಕೂರಿನವನು, ನಮ್ಮೂರನ್ನ ಇಟ್ಕೊಂಡೇ ಹೇಳ್ತೀನಿ. ಕೇಂದ್ರದ ಸ್ಮಾರ್ಟ್ ಸಿಟಿ ಮಿಷನ್ ಶುರುವಾಗಿದ್ದು 2015ರ ಜೂನ್‌ನಲ್ಲಿ, ಒಟ್ಟು 100 ಊರು, ತುಮಕೂರು ಸೇರಿದ್ದು 2016ರಲ್ಲಿ. ಸ್ಮಾರ್ಟ್ ಅಂದ್ರೆ ಎಲ್ರೂ ಕ್ಯಾಮೆರಾ, ಎಲ್‌ಇಡಿ ಲೈಟು ಅಂತಾರೆ, ಆದ್ರೆ ಮೊದಲು ಕೇಳ್ಬೇಕಾಗಿರೋದು ಜನ ದಿನಾ ಯಾವುದಕ್ಕೆ ಒದ್ದಾಡ್ತಾರೆ ಅಂತ.

ನಮ್ಮಲ್ಲಿ ಅದು ನೀರು. ಹೇಮಾವತಿ ನೀರು ನಾಲೇಲಿ ಬಂದು ಬುಗುಡನಹಳ್ಳಿ ಕೆರೆ ಸೇರಿ ಅಲ್ಲಿಂದ ಊರಿಗೆ ಬರ್ಬೇಕು. ಪಕ್ಕದ್ಮನೆ ಅಕ್ಕ ಬೆಳಗ್ಗೆ 4.30ಕ್ಕೇ ಎದ್ದು ನಲ್ಲಿ ಕೆಳಗೆ ಬಿಂದಿಗೆ ಇಟ್ಟು ಕಾಯ್ತಾ ಕೂತಿರ್ತಾರೆ, ಗಾರ್ಮೆಂಟ್ಸ್ ಬಸ್ಸು 7ಕ್ಕೆ, ಅಷ್ಟರಲ್ಲಿ ನೀರು ಬರ್ಲಿಲ್ಲ ಅಂದ್ರೆ ಅವತ್ತಿನ ಸಂಬಳ ಹೋಯ್ತು ಅಂತಾನೇ ಲೆಕ್ಕ. ನಾಳೆ ಯಾವ ಬೀದಿಗೆ ಎಷ್ಟೊತ್ತಿಗೆ ನೀರು ಅಂತ ಹಿಂದಿನ ರಾತ್ರೀನೇ ಕನ್ನಡದಲ್ಲಿ ಒಂದು ಮೆಸೇಜ್, ಅದೂ ಕೀಪ್ಯಾಡ್ ಫೋನಿಗೂ ಬರೋ ಥರ ಕಳಿಸಿದ್ರೆ ಸಾಕು, ಆಕೆ ನೆಮ್ಮದಿಯಾಗಿ ನಿದ್ದೆ ಮಾಡ್ತಾರೆ.

ಆಮೇಲೆ ಮೀಟರು. ಟ್ಯಾಂಕಿಂದ ಒಂದು ಏರಿಯಾಗೆ ಹೊರಟ ನೀರೆಷ್ಟು, ಅಲ್ಲಿನ ಮನೆ ಮೀಟರುಗಳೆಲ್ಲಾ ಸೇರಿ ತೋರಿಸಿದ್ದೆಷ್ಟು ಅಂತ ತಾಳೆ ನೋಡಿದ್ರೆ ನೀರು ಸೋರ್ತಿರೋದು ಯಾವ ಏರಿಯಾದಲ್ಲಿ ಅಂತ ಗೊತ್ತಾಗುತ್ತೆ, ಊರೆಲ್ಲಾ ರೋಡು ಅಗೆದು ಹುಡುಕೋದು ತಪ್ಪುತ್ತೆ. ನನ್ನ ಪ್ರಕಾರ ಕ್ಯಾಮೆರಾಗಿಂತ ಮೊದಲು ಇದಕ್ಕೆ ದುಡ್ಡು ಹಾಕ್ಬೇಕು.

ಕಂಪ್ಲೇಂಟಿಗೆ ಆ್ಯಪ್ ಮಾಡ್ಲಿ, ಜೊತೆಗೆ ಒಂದು ಫೋನ್ ನಂಬರೂ ಇರ್ಲಿ. ನಮ್ಮಜ್ಜಿಗೆ ಫೋನ್ ಮಾಡೋಕೆ ಬರುತ್ತೆ, ಓಟಿಪಿ ಹಾಕೋಕೆ ಬರಲ್ಲ.