ಔಷಧಿ ಇಲ್ಲದ ಕಾಲದ ಪ್ರೀತಿಯನ್ನು ಈಗ ಆಡೋದು ಹೇಗೆ?

ಪ್ರಶ್ನೆ: ನಮ್ಮದು ಚಿಕ್ಕ ಹವ್ಯಾಸಿ ತಂಡ. ಲ್ಯಾರಿ ಕ್ರೇಮರ್ ಅವರ ‘ದಿ ನಾರ್ಮಲ್ ಹಾರ್ಟ್’ ನಾಟಕವನ್ನು ಹಿಂದೊಮ್ಮೆ ಕನ್ನಡದಲ್ಲಿ ನಮ್ಮ ನಮ್ಮಲ್ಲೇ ಓದಿ ಅಲ್ಲಿಗೇ ಬಿಟ್ಟಿದ್ದೆವು. ಈಗ ಪೂರ್ತಿ ನಾಟಕವಾಗಿ ಮತ್ತೆ ಕೈಗೆತ್ತಿಕೊಂಡಿದ್ದೇವೆ. ತಂಡದ ಹುಡುಗರು ಒಪ್ಪುತ್ತಿಲ್ಲ. “ಈಗ ಏಡ್ಸ್‌ಗೆ ಯಾರು ಸರ್ ಹೆದರ್ತಾರೆ, ದಿನಾ ಮಾತ್ರೆ ನುಂಗಿದರೆ ಆಯ್ತು, ಕಥೆಯನ್ನು ಬೆಂಗಳೂರಿಗೆ ತಂದು ಇವತ್ತಿನ ಕಾಲಕ್ಕೆ ಬದಲಾಯಿಸೋಣ” ಅಂತಾರೆ. ಏನು ಮಾಡೋಣ ಮೇಡಂ?
— ಒಬ್ಬ ನಿರ್ದೇಶಕ, ಹನುಮಂತನಗರ

ಬದಲಾಯಿಸಬೇಡಿ. ಊರನ್ನೂ ಬೇಡ, ಕಾಲವನ್ನಂತೂ ಮುಟ್ಟಲೇಬೇಡಿ.

ಓದುವ ಎಲ್ಲರಿಗೂ ಈ ನಾಟಕ ಗೊತ್ತಿರಲ್ಲ, ಅದಕ್ಕೆ ಮೊದಲು ಕಥೆ ಹೇಳಿಬಿಡುತ್ತೇನೆ. 1980ರ ದಶಕದ ಮೊದಲ ವರ್ಷಗಳ ನ್ಯೂಯಾರ್ಕ್. ನೆಡ್ ವೀಕ್ಸ್ ಅನ್ನೋ ಲೇಖಕ, ಮುಂಗೋಪಿ, ಬಾಯಿ ಜಾಸ್ತಿ. ಅವನ ಗೆಳೆಯರು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ, ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಪೇಪರ್‌ನವರು ಸರಿಯಾಗಿ ಬರೆಯಲ್ಲ, ಮೇಯರ್ ಭೇಟಿಗೇ ಸಿಗಲ್ಲ. ನೆಡ್ ಗೆಳೆಯರನ್ನು ಸೇರಿಸಿ ಒಂದು ಸಂಸ್ಥೆ ಕಟ್ಟುತ್ತಾನೆ, ಕೊನೆಗೆ ಅವರೇ ಅವನನ್ನು ಹೊರಗೆ ಹಾಕುತ್ತಾರೆ. ಇದರ ಮಧ್ಯೆ ಅವನಿಗೆ ಫೆಲಿಕ್ಸ್ ಅನ್ನೋ ಪತ್ರಕರ್ತನ ಮೇಲೆ ಪ್ರೀತಿಯಾಗುತ್ತದೆ. ಮನೆ, ಅಡುಗೆ, ಜಗಳ, ಎಲ್ಲ ಇರುವ ಪ್ರೀತಿ. ಒಂದು ದಿನ ಫೆಲಿಕ್ಸ್ ಕಾಲುಚೀಲ ತೆಗೆದು ಪಾದದ ಮೇಲಿನ ನೇರಳೆ ಬಣ್ಣದ ಮಚ್ಚೆ ತೋರಿಸುತ್ತಾನೆ, ಅದು ಆ ಕಾಯಿಲೆಯ ಗುರುತು. ಕ್ರೇಮರ್ ಬಹುಪಾಲು ತಮ್ಮದೇ ಬದುಕನ್ನು ಬರೆದದ್ದು. ‘ಗೇ ಮೆನ್ಸ್ ಹೆಲ್ತ್ ಕ್ರೈಸಿಸ್’ ಸಂಸ್ಥೆ 1982ರಲ್ಲಿ ಅವರ ಮನೆಯಲ್ಲೇ ಶುರುವಾಯಿತು, ಮರುವರ್ಷ ಅವರು ಅಲ್ಲಿಂದ ಹೊರಬಿದ್ದರು.

ಈಗ ಇಸವಿಗಳನ್ನು ಸ್ವಲ್ಪ ನೋಡಿ. ಲಾಸ್ ಏಂಜಲೀಸ್‌ನ 5 ಜನ ಯುವಕರಿಗೆ ವಿಚಿತ್ರ ನ್ಯುಮೋನಿಯಾ ಬಂದಿದೆ ಅಂತ ಅಮೆರಿಕದ ಸರ್ಕಾರಿ ಆರೋಗ್ಯ ವರದಿಯಲ್ಲಿ ಬಂದದ್ದು 1981ರ ಜೂನ್ 5ಕ್ಕೆ. ಈ ರೋಗ ತರುವ ಎಚ್‌ಐವಿ ವೈರಸ್ ಪ್ಯಾರಿಸ್‌ನಲ್ಲಿ ಸಿಕ್ಕಿದ್ದು 1983ರಲ್ಲಿ. ರಕ್ತ ಪರೀಕ್ಷೆ ಬಂದದ್ದು 1985ರ ಮಾರ್ಚ್‌ನಲ್ಲಿ, ಈ ನಾಟಕ ನ್ಯೂಯಾರ್ಕ್‌ನ ಪಬ್ಲಿಕ್ ಥಿಯೇಟರ್‌ನಲ್ಲಿ ರಂಗಕ್ಕೆ ಬಂದದ್ದು ಅದರ ಮರುತಿಂಗಳು. ಮೊದಲ ಔಷಧಿ 1987ರಲ್ಲಿ. ಜನ ನಿಜವಾಗಿ ಬದುಕುಳಿಯಲು ಶುರುವಾದದ್ದು 1996ರಲ್ಲಿ, ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದ ಮೇಲೆ. ಇದೆಲ್ಲ ನೋಡುವವರಿಗೆ ಗೊತ್ತು. ರಂಗದ ಮೇಲಿರುವವರಿಗೆ ಗೊತ್ತಿಲ್ಲ. ನಾಟಕದ ಜೀವ ಇರೋದೇ ಅಲ್ಲಿ. ಲಂಕೇಶ್ ಹಳೇ ಗ್ರೀಕ್ ನಾಟಕ ‘ದೊರೆ ಈಡಿಪಸ್’ ಅನ್ನು ಕನ್ನಡಕ್ಕೆ ತಂದಾಗ ಅದರ ಊರು ಥೀಬ್ಸ್ ಥೀಬ್ಸ್ ಆಗಿಯೇ ಉಳಿಯಿತು, ಅಲ್ವಾ? ಆ ನಾಟಕವೂ ಊರಿಗೆ ಬಿದ್ದ ಪಿಡುಗಿನಿಂದಲೇ ಶುರುವಾಗುತ್ತದೆ. ಅದಕ್ಕೆ ಕಾರಣ ತಾನೇ ಅಂತ ದೊರೆಗೆ ಗೊತ್ತಿಲ್ಲ, ನಮಗೆ ಮೊದಲೇ ಗೊತ್ತಿರುತ್ತದೆ, ಅದಕ್ಕೇ ಅವನ ಒಂದೊಂದು ಮಾತೂ ನಮ್ಮ ಎದೆಗೆ ಬೀಳುತ್ತದೆ. ನೀವು ಕಥೆಯನ್ನು ಇವತ್ತಿಗೆ ತಂದರೆ ಫೆಲಿಕ್ಸ್ ಮೊದಲ ಅರ್ಧ ಗಂಟೆಯಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿ ಬದುಕಿಕೊಳ್ಳುತ್ತಾನೆ. ಬದುಕಲಿ, ಸಂತೋಷ. ಆದರೆ ಅದು ಬೇರೆ ನಾಟಕ, ಅದನ್ನು ನೀವೇ ಹೊಸದಾಗಿ ಬರೆಯಿರಿ.

ಹಾಗಾಗಿ ನಟರಿಗೆ ನೀವು ಹೇಳಬೇಕಾದ ಮುಖ್ಯ ಮಾತು ಇದು: ಮೊದಲ ದೃಶ್ಯದಿಂದಲೇ ಅಳುಮೋರೆ ಹಾಕಬೇಡಿ. ಇವರಿಗೆ ಮುಂದೇನು ಅಂತ ಗೊತ್ತಿಲ್ಲ. ಕೋಪ ಬರುತ್ತದೆ, ಆಸೆ ಬರುತ್ತದೆ, ಹೊಟ್ಟೆ ಹಸಿಯುತ್ತದೆ. ಮರುಪ್ರಯೋಗದಲ್ಲಿ ಇದೇ ಕಷ್ಟ, ಯಾಕಂದರೆ ಈಗಿನ ನಟ ಎಲ್ಲ ತಿಳಿದುಕೊಂಡೇ ತಾಲೀಮಿಗೆ ಬರುತ್ತಾನೆ, ಆ ತಿಳಿವಳಿಕೆ ಅವನ ದನಿಯಲ್ಲಿ, ನಡಿಗೆಯಲ್ಲಿ ಸುಮ್ನೆ ಸೇರಿಕೊಂಡುಬಿಡುತ್ತದೆ, ಅದನ್ನು ದಿನಾ ತೆಗೆದುಹಾಕುತ್ತಿರಬೇಕು.

ಒಂದು ದೃಶ್ಯಕ್ಕೆ ಮಾತ್ರ ಬೇರೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಫೆಲಿಕ್ಸ್ ನೆಲದ ಮೇಲೆ ಕೂತಿದ್ದಾನೆ, ಊಟ ಬಿಟ್ಟಿದ್ದಾನೆ. ನೆಡ್ ದಿನಸಿ ಚೀಲ ಹಿಡಿದು ಬರುತ್ತಾನೆ. ತಿನ್ನು ಅಂತಾನೆ, ಫೆಲಿಕ್ಸ್ ಒಲ್ಲೆ ಅಂತಾನೆ. ನೆಡ್‌ಗೆ ತಲೆ ಕೆಟ್ಟು ತಂದದ್ದನ್ನೆಲ್ಲ ನೆಲಕ್ಕೆ ಎಸೆಯುತ್ತಾನೆ, ಹಾಲಿನ ಪ್ಯಾಕನ್ನೂ ಬಿಡಲ್ಲ. ಹಾಲು ಚೆಲ್ಲಿ ಹರಿಯುತ್ತದೆ. ಆಮೇಲೆ ಫೆಲಿಕ್ಸ್ ನೆಲದ ಮೇಲೆ ತೆವಳಿಕೊಂಡು ಅವನ ಹತ್ತಿರ ಬರುತ್ತಾನೆ, ಇಬ್ಬರೂ ಅಪ್ಪಿಕೊಳ್ಳುತ್ತಾರೆ. ನನ್ನ ಪ್ರಕಾರ ಇಡೀ ನಾಟಕದ ಪ್ರೀತಿ ಇಲ್ಲಿದೆ. ಕಾಯಿಲೆಯವರನ್ನು ನೋಡಿಕೊಂಡವರಿಗೆಲ್ಲ ಈ ಸಿಟ್ಟು ಗೊತ್ತು. ಉಣ್ಣದೇ ಹೋದರೆ ಎಲ್ಲಿ ಕೈ ತಪ್ಪಿ ಹೋಗುತ್ತಾರೋ ಅನ್ನೋ ಭಯ ಬೈಗುಳವಾಗಿ ಹೊರಗೆ ಬರುತ್ತದೆ. ಈ ದೃಶ್ಯವನ್ನು ಖಾಲಿ ಡಬ್ಬ ಇಟ್ಟುಕೊಂಡು ತಾಲೀಮು ಮಾಡಬೇಡಿ. ಶುರುವಿನಿಂದಲೇ ನೀರು ತುಂಬಿದ ಪ್ಯಾಕ್ ಬಳಸಿ, ಒದ್ದೆ ನೆಲದಲ್ಲಿ ಮೈ ಹೇಗೆ ಜಾರುತ್ತದೆ, ತೆವಳೋದಕ್ಕೆ ಎಷ್ಟು ಹೊತ್ತು ಬೇಕು ಅಂತ ನಟರಿಗೆ ಗೊತ್ತಾಗಬೇಕು. ಲೈಟಿನ ಕೇಬಲ್ ಆ ಕಡೆ ಹಾಯದಂತೆ ನೋಡಿಕೊಳ್ಳಿ. ಕತ್ತಲಾದ ತಕ್ಷಣ ಒರೆಸೋದು ಯಾರು ಅಂತ ಮೊದಲೇ ಗೊತ್ತು ಮಾಡಿ. ರಂಗಮಂದಿರದವರಿಗೂ ಮುಂಚೆಯೇ ಹೇಳಿ.

ಸೆಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 1985ರ ಮೊದಲ ಪ್ರಯೋಗದಲ್ಲಿ ಗೋಡೆಗಳಿಗೆ ಬಿಳಿ ಬಳಿದು, ಅದರ ಮೇಲೆ ಕಪ್ಪಕ್ಷರದಲ್ಲಿ ರೋಗಿಗಳ ಸಂಖ್ಯೆ, ಹೆಸರುಗಳನ್ನು ಬರೆದಿದ್ದರು. 2011ರಲ್ಲಿ ಬ್ರಾಡ್‌ವೇಯಲ್ಲಿ ಮತ್ತೆ ಆಡಿದಾಗ ತೀರಿಹೋದವರ ಹೆಸರುಗಳನ್ನು ಬೆಳಕಿನಲ್ಲಿ ಗೋಡೆ ಮೇಲೆ ಮೂಡಿಸಿದರು. ಆ ಮರುಪ್ರಯೋಗಕ್ಕೆ ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿಯಾದ ಟೋನಿಯೂ ಬಂತು. ಆಗ ಕ್ರೇಮರ್ ಏನು ಮಾಡಿದರು ಅಂತ ನಿಮ್ಮ ಹುಡುಗರಿಗೆ ಹೇಳಿ. ಅವರು ಕಥೆಯನ್ನು 2011ಕ್ಕೆ ಎಳೆದು ತರಲಿಲ್ಲ. ಶೋ ಮುಗಿದ ಮೇಲೆ ಥಿಯೇಟರ್ ಹೊರಗೆ ತಾವೇ ನಿಂತು ಜನರಿಗೆ ಕರಪತ್ರ ಹಂಚಿದರು. ನೀವು ನೋಡಿದ್ದೆಲ್ಲ ನಿಜವಾಗಿ ನಡೆದದ್ದು, ಈ ರೋಗ ಇನ್ನೂ ಮುಗಿದಿಲ್ಲ ಅಂತ ಅದರಲ್ಲಿತ್ತು. ಹೊಸ ಕಾಲದ ಮಾತಿಗೆ ಜಾಗ ಅದು: ರಂಗದ ಹೊರಗೆ, ಕೈಯಲ್ಲಿ ಕೊಡುವ ಹಾಳೆಯಲ್ಲಿ.

ಇನ್ನು ಬೆಂಗಳೂರು. ನೀವು ತರಬೇಕಾಗಿಲ್ಲ, ಪ್ರೇಕ್ಷಕರೇ ಅದನ್ನು ಜೊತೆಗೆ ತರುತ್ತಾರೆ. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ, ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರ ಕೆಲಸದಿಂದ. ಸರ್ಕಾರ ಔಷಧಿಯನ್ನು ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ನಡುವಿನ 18 ವರ್ಷ ಇಲ್ಲಿ ಎಷ್ಟು ಮನೆಗಳು ನೆಡ್‌ನ ಮನೆಯ ಹಾಗೇ ಇದ್ದವು ಅಂತ ಯೋಚನೆ ಮಾಡಿ. 1898ರ ಪ್ಲೇಗ್ ಕಂಡ ಊರು ಇದು, ಪ್ಲೇಗಮ್ಮನಿಗೆ ಗುಡಿ ಕಟ್ಟಿ ಕೈ ಮುಗಿದವರು ನಾವು. ಏಡ್ಸ್‌ಗೆ ಅಷ್ಟೂ ಮಾಡಲಿಲ್ಲ, ಬಾಯಿ ಮುಚ್ಚಿಕೊಂಡೆವು.

“ದಿನಾ ಮಾತ್ರೆ” ಅನ್ನೋದು ನಿಜ, ಅದು ದೊಡ್ಡ ಸಂತೋಷದ ಸುದ್ದಿ. ಚಿಕಿತ್ಸೆ ಸರಿಯಾಗಿ ನಡೆದು ರಕ್ತದಲ್ಲಿ ವೈರಸ್ ಪತ್ತೆಯೇ ಆಗದಷ್ಟು ಕಡಿಮೆ ಆದರೆ ಲೈಂಗಿಕ ಸಂಪರ್ಕದಿಂದಲೂ ಅದು ಇನ್ನೊಬ್ಬರಿಗೆ ಹರಡಲ್ಲ. ಆದರೆ ಆ ಮಾತ್ರೆಯನ್ನು ಬೇರೆ ಡಬ್ಬಿಗೆ ಹಾಕಿ ಬಚ್ಚಿಟ್ಟು ನುಂಗುವವರು ನಮ್ಮ ಮಧ್ಯೆಯೇ ಇದ್ದಾರೆ. ನಾಟಕದ ಕೊನೆಯಲ್ಲಿ ಆಸ್ಪತ್ರೆ ಹಾಸಿಗೆ ಪಕ್ಕ ಡಾಕ್ಟರ್ ಎಮ್ಮಾ ನೆಡ್‌ಗೂ ಫೆಲಿಕ್ಸ್‌ಗೂ ಮದುವೆ ಮಾಡಿಸುತ್ತಾಳಲ್ಲ, ಅಂಥ ಮದುವೆಗೆ ಇಲ್ಲಿ ಕಾನೂನಿನ ಒಪ್ಪಿಗೆ ಇಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2023ರ ಅಕ್ಟೋಬರ್‌ನಲ್ಲಿ. ಈ ನಾಟಕ ಹಳೇದಾಯ್ತು ಅಂತ ನನಗಂತೂ ಅನ್ನಿಸಲ್ಲ.

ಪ್ರಶ್ನೆ: ಇಂಥದೇ ಒಂದು ನಾಟಕದಲ್ಲಿ ನನಗೆ ಪ್ರೇಮಿಯ ಪಾತ್ರ ಸಿಕ್ಕಿದೆ. ಎದುರು ಪಾತ್ರವೂ ಗಂಡಸೇ. ನನಗೆ ಮದುವೆ ಆಗಿದೆ, ಅತ್ತೆ ಮಾವ ಶೋಗೆ ಬರ್ತಾರೆ. ಅಪ್ಪಿಕೊಳ್ಳೋದು, ಮುತ್ತು ಕೊಡೋದು ಇದನ್ನೆಲ್ಲ ಸ್ವಲ್ಪ ಕಡಿಮೆ ಮಾಡಿಸಬಹುದಾ?
— ಒಬ್ಬ ನಟ, ವಿಜಯನಗರ

ಕಡಿಮೆ ಮಾಡಿಸಬೇಡಿ. ಮುಟ್ಟಿದರೆ ರೋಗ ಬರುತ್ತದೆ ಅಂತ ಊರೆಲ್ಲ ನಂಬಿದ್ದ ಕಾಲದಲ್ಲಿ ಅವರು ಮುಟ್ಟಿದರು, ನಾಟಕ ಇರೋದೇ ಅದರ ಮೇಲೆ. ನೀವು ಅರ್ಧ ಕೈ ಚಾಚಿ ಹಿಂದೆ ತೆಗೆದರೆ ನೋಡುವವರಿಗೆ ಕಾಣೋದು ನಿಮ್ಮ ಸಂಕೋಚ, ಪಾತ್ರದ ಪ್ರೀತಿ ಅಲ್ಲ.

ಹೊಡೆದಾಟದ ದೃಶ್ಯ ಹೇಗೆ ಗೊತ್ತು ಮಾಡಿಕೊಳ್ಳುತ್ತೀರೋ ಹಾಗೇ ಇದನ್ನೂ ಮಾಡಿ. ಯಾವ ಕೈ ಎಲ್ಲಿ, ಎಷ್ಟು ಹೊತ್ತು, ಯಾರು ಮೊದಲು ಬಿಡೋದು, ಎಲ್ಲ ಇಬ್ಬರೂ ಕೂತು ತೀರ್ಮಾನ ಮಾಡಿ, ದಿನಾ ಅದೇ ಮಾಡಿ. ಸಂಕೋಚ ತಾನಾಗಿ ಇಳಿಯುತ್ತದೆ. ಮನೆಯವರಿಗೆ ಮೊದಲೇ ಹೇಳಿಬಿಡಿ, ಅತ್ತೆ ಮಾವನಿಗೆ ರಂಗಮಂದಿರದಲ್ಲೇ ಗೊತ್ತಾಗೋದು ಬೇಡ. ಕಂಪನಿ ನಾಟಕದಲ್ಲಿ ಗಂಡಸರೇ ನಾಯಕಿಯಾಗಿ ನಿಂತದ್ದನ್ನು ನಮ್ಮ ಅಜ್ಜಂದಿರು ಟಿಕೆಟ್ ಕೊಟ್ಟು ನೋಡಿದ್ದಾರೆ. ನಮ್ಮ ಪ್ರೇಕ್ಷಕರ ಮನಸ್ಸು ನೀವು ಅಂದುಕೊಂಡಿದ್ದಕ್ಕಿಂತ ದೊಡ್ಡದು.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ತಾಲೀಮಿನಲ್ಲಿ, ಗ್ರೀನ್ ರೂಮಿನಲ್ಲಿ ಈ ದೃಶ್ಯದ ಬಗ್ಗೆ ತಮಾಷೆ, ನಗು ನಡೆಯೋಕೆ ಬಿಡಬೇಡಿ. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377ರ ಭಯ ಹೋದದ್ದು 2018ರ ಸೆಪ್ಟೆಂಬರ್ 6ಕ್ಕೆ. ಅಷ್ಟು ಸಲೀಸಾಗಿ ಮನೆಯ, ಗೆಳೆಯರ ಭಯ ಹೋಗಲ್ಲ. ನಿಮ್ಮ ತಂಡದಲ್ಲೇ ಯಾರಾದರೂ ಏನೂ ಹೇಳದೆ ಎಲ್ಲ ಕೇಳಿಸಿಕೊಳ್ಳುತ್ತಿರಬಹುದು. 1985ರಲ್ಲಿ ನೆಡ್ ಪಾತ್ರ ಮಾಡಿದ ಬ್ರಾಡ್ ಡೇವಿಸ್‌ಗೂ ಎಚ್‌ಐವಿ ಇತ್ತು. ಕೆಲಸ ಹೋಗುತ್ತದೆ ಅನ್ನೋ ಭಯಕ್ಕೆ ಅದನ್ನು ಮುಚ್ಚಿಟ್ಟುಕೊಂಡೇ ಇದ್ದರು, 1991ರಲ್ಲಿ ತೀರಿಕೊಂಡರು. ಇಂಥ ನಾಟಕದಲ್ಲಿ ಮುಖ್ಯ ಪಾತ್ರ ಮಾಡಿದವರಿಗೇ ಹಾಗಾಯಿತು ಅಂದರೆ ನೋಡಿ.

ಪ್ರಶ್ನೆ: ನಮ್ಮಣ್ಣ 1998ರಲ್ಲಿ ಹೋದ. ಊರಿಗೆಲ್ಲ ಟಿಬಿ ಅಂತ ಹೇಳಿದೆವು. ಕೊನೆಗೆ ಅವನ ತಟ್ಟೆ ಲೋಟ ಬೇರೆ ಇಟ್ಟಿದ್ದೆವು, ಅದು ಈಗಲೂ ಚುಚ್ಚುತ್ತೆ. ನಮ್ಮ ಬಡಾವಣೆಯ ಹುಡುಗರು ಆ ಕಾಲದ ನಾಟಕ ಮಾಡ್ತಿದ್ದಾರೆ, ಹೊರಗಿನ ಗೋಡೆಯಲ್ಲಿ ತೀರಿಹೋದವರ ಹೆಸರು ಬರೀಬಹುದಂತೆ. ನಾನು ಹೋಗಲಾ? ಅವನ ಹೆಸರು ಬರೆಯಲಾ?
— ಒಬ್ಬ ತಂಗಿ, ರಾಜಾಜಿನಗರ

ಹೋಗಿ ಅಮ್ಮಾ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ, ಬಾಗಿಲ ಹತ್ತಿರದ ಸೀಟು ಹಿಡಿಯಿರಿ. ಆ ಹುಡುಗರು ಮಾಡುತ್ತಿರೋದು ‘ದಿ ನಾರ್ಮಲ್ ಹಾರ್ಟ್’ ಆದರೆ, ಸತ್ತವನ ದೇಹವನ್ನು ಆಸ್ಪತ್ರೆಯವರು ಕಸದ ಚೀಲಕ್ಕೆ ತುಂಬಿದ್ದನ್ನು ಅವನ ಗೆಳೆಯ ಹೇಳುವ ಒಂದು ಮಾತು ಬರುತ್ತದೆ. ಅದು ಬರುತ್ತದೆ ಅಂತ ಗೊತ್ತಿದ್ದರೆ ತಡೆದುಕೊಳ್ಳಬಹುದು, ಆಗದಿದ್ದರೆ ಎದ್ದು ಹೊರಗೆ ಬನ್ನಿ, ಯಾರೂ ಏನೂ ಅಂದುಕೊಳ್ಳಲ್ಲ.

ಊರಿಗೆ ಟಿಬಿ ಅಂದದ್ದು ಪೂರ್ತಿ ಸುಳ್ಳೇನಲ್ಲ. ಎಚ್‌ಐವಿ ಇದ್ದವರ ಪ್ರಾಣ ಹೆಚ್ಚಾಗಿ ತೆಗೆದದ್ದು ಟಿಬಿಯೇ. ತಟ್ಟೆ ಲೋಟದಿಂದ ಎಚ್‌ಐವಿ ಹರಡಲ್ಲ, ಆದರೆ 1998ರಲ್ಲಿ ನಿಮ್ಮ ಮನೆ ಬಾಗಿಲಿಗೆ ಬಂದು ಅದನ್ನು ಹೇಳಿದವರು ಯಾರಿದ್ದರು? ನೀವು ತಟ್ಟೆ ಬೇರೆ ಇಟ್ಟಿರಿ, ಊಟ ಹಾಕೋದನ್ನು ನಿಲ್ಲಿಸಲಿಲ್ಲ. ಮನೆಯಿಂದಲೇ ಹೊರಗೆ ಹಾಕಿದವರಿದ್ದರು.

ಹೆಸರಿನ ವಿಚಾರ ಬೇರೆ. ಅತ್ತಿಗೆ, ಅಣ್ಣನ ಮಕ್ಕಳು ಇದ್ದರೆ ಅವರನ್ನು ಕೇಳದೆ ಪೂರ್ತಿ ಹೆಸರು ಬರೆಯಬೇಡಿ. ಒಪ್ಪಿಗೆ ಇಲ್ಲದೆ ಒಬ್ಬರ ಎಚ್‌ಐವಿ ವಿಷಯವನ್ನು ಹೊರಗೆ ಹೇಳಬಾರದು ಅಂತ 2017ರ ಕಾನೂನೇ ಹೇಳುತ್ತದೆ. ಸತ್ತವರಿಗೂ, ಅವರ ಮನೆಯವರಿಗೂ ಆ ಮರ್ಯಾದೆ ಸಲ್ಲಬೇಕು. ಅವರು ಬೇಡ ಅಂದರೆ ‘ಅಣ್ಣ, 1998’ ಅಂತ ಬರೆಯಿರಿ. ನಿಮಗೆ ಗೊತ್ತಿದ್ದರೆ ಸಾಕು. ಗೋಡೆ ಮಾಡುವ ತಂಡದವರಿಗೆ ನನ್ನ ಮಾತು: ಅದರ ಫೋಟೋ ತೆಗೆದು ಎಲ್ಲೆಲ್ಲೋ ಹಾಕಬೇಡಿ.

ಪ್ರಶ್ನೆ: ಇಂಥ ನಾಟಕಕ್ಕೆ ಅನುಮತಿ ಬೇಕಾ? ವಿಶ್ವ ಏಡ್ಸ್ ದಿನ ಡಿಸೆಂಬರ್ 1ಕ್ಕೆ ಶೋ ಇಟ್ಟು, ಆಮೇಲೆ ಡಾಕ್ಟರ ಭಾಷಣ ಇಡಬೇಕು ಅಂತಿದ್ದೇವೆ.
— ಕಾಲೇಜು ತಂಡ, ಜಯನಗರ

ಖಂಡಿತ ಬೇಕು. ನೀವೂ ‘ದಿ ನಾರ್ಮಲ್ ಹಾರ್ಟ್’ ಮಾಡೋದಾದರೆ, ಕ್ರೇಮರ್ ತೀರಿಕೊಂಡದ್ದು 2020ರಲ್ಲಿ, ನಮ್ಮ ಕಾನೂನಿನಲ್ಲಿ ಲೇಖಕರು ಹೋದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಅನುವಾದಕ್ಕೂ ಪ್ರದರ್ಶನಕ್ಕೂ ಹಕ್ಕು ಇರುವವರ ಒಪ್ಪಿಗೆ ಕೇಳಿ. ತಿಂಗಳುಗಟ್ಟಲೆ ಹಿಡಿಯಬಹುದು, ಅದು ಕೈಗೆ ಬಂದ ಮೇಲೆ ರಂಗಮಂದಿರ ಬುಕ್ ಮಾಡಿ.

ಡಿಸೆಂಬರ್ 1 ಬೇಡ. ಅವತ್ತು ಎಲ್ಲ ಕಡೆ ಜಾಥಾ, ಭಾಷಣ, ಕೆಂಪು ರಿಬ್ಬನ್. ನಿಮ್ಮ ನಾಟಕವೂ ಒಂದು ಸರ್ಕಾರಿ ಕಾರ್ಯಕ್ರಮವಾಗಿ ಕಾಣುತ್ತದೆ. ಮಾಮೂಲಿ ಶನಿವಾರ ಭಾನುವಾರ ಮಾಡಿ, ಜನ ನಾಟಕ ಅಂತಲೇ ನೋಡಲಿ. ಶೋ ಆದ ತಕ್ಷಣ ಭಾಷಣವೂ ಬೇಡ, ಜನ ಸ್ವಲ್ಪ ಹೊತ್ತು ಸುಮ್ಮನಿರಲಿ. ಡಾಕ್ಟರನ್ನು ತಾಲೀಮಿಗೆ ಕರೆಯಿರಿ, ನಟರ ಪ್ರಶ್ನೆಗಳು ಬೇಕಾದಷ್ಟಿರುತ್ತವೆ. ಪ್ರೇಕ್ಷಕರಿಗೆ ಒಂದು ಹಾಳೆ ಕೊಡಿ: ಪರೀಕ್ಷೆಯೂ ಚಿಕಿತ್ಸೆಯೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ, ಸಹಾಯವಾಣಿ 1097. ಅಕ್ಷರ ದೊಡ್ಡದಿರಲಿ, ವಯಸ್ಸಾದವರೂ ಬರುತ್ತಾರೆ.